ಎಣ್ಣೆಮ್ಮನ ಕೈಯ ಜೋಳ

ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ನಿಂತರೆ ನಾನು ಕಿಟಕಿ ಮುಚ್ಚಿಬಿಡುತ್ತೇನೆ. ಹೋದ ವಾರ ಮುಚ್ಚುವುದಕ್ಕಾಗಲಿಲ್ಲ, ಗಾಜು ಸಿಕ್ಕಿಕೊಂಡಿತ್ತು. ಕೆಂಡದ ಮೇಲೆ ಮುಸುಕಿನ ಜೋಳ ಸುಡುತ್ತಿದ್ದ ಹೆಂಗಸು ನನ್ನ ಕಿಟಕಿಯ ಕೆಳಗೇ ಕೂತಿದ್ದಳು. ಆ ಸುಟ್ಟ ವಾಸನೆ ಒಳಗೆ ಬಂದದ್ದೇ ತಡ, ಪಾಂಡವಪುರದ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟು, ಅದರ ಮೂಲೆಯ ಸ್ಟೂಲು, ಸ್ಟೂಲಿನ ಮೇಲೆ ಕೊಡೆ ಊರಿಕೊಂಡು ಕೂರುತ್ತಿದ್ದ ಮೇಷ್ಟ್ರು... ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು. ಪಕ್ಕದ ಸೀಟಿನವರು "ಏನ್ರೀ, ಕಣ್ಣಿಗೆ ಹೊಗೆ ಹೋಯ್ತಾ?" ಎಂದರು. ಹೌದು ಅಂದೆ. ಸುಳ್ಳು ಹೇಳುವುದು ನನಗೆ ಮೊದಲಿನಿಂದಲೂ ಸಲೀಸು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಇನ್‌ಸ್ಟಿಟ್ಯೂಟಿನಲ್ಲಿ ಟೈಪು ಕಲಿಸುತ್ತಿದ್ದೆ, ಹೊರಗಿನವರ ಅರ್ಜಿ, ಕಾಗದಗಳನ್ನೂ ಹೊಡೆದುಕೊಡುತ್ತಿದ್ದೆ. ಮೇಷ್ಟ್ರು ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿ ಆಗತಾನೇ ನಿವೃತ್ತರಾಗಿದ್ದರು. ಒಂದು ದಿನ ಶ್ರೀರಂಗಪಟ್ಟಣದ ಕೋಟೆಯಲ್ಲಿ ದಾರಿ ಕೇಳಿದ ಅಮೆರಿಕದವನೊಬ್ಬನಿಗೆ ಇಡೀ ದಿನ ಜೊತೆಗಿದ್ದು ಊರು ತೋರಿಸಿದ್ದರು. ಅವನು ಊರಿಗೆ ಹೋಗಿ ಒಂದು ಪಾರ್ಸಲು ಕಳಿಸಿದ. ಅಲ್ಲಿಂದ ಶುರುವಾಯಿತು ಕಾಗದದ ವ್ಯವಹಾರ. ಮೇಷ್ಟ್ರು ಹೇಳುತ್ತಾ ಹೋಗುವರು, ನಾನು ಎರಡು ಕಾರ್ಬನ್ ಇಟ್ಟು ಹೊಡೆಯುವೆ. ಮುಗಿದ ಮೇಲೆ ಹಾಳೆಯನ್ನು ನನಗೇ ವಾಪಸು ಕೊಟ್ಟು, "ಓದು ಅಮ್ಮಣ್ಣಿ, ತಪ್ಪೇನಾದರೂ ಇದೆಯಾ?" ಎಂದು ಕೇಳುವುದು ಪದ್ಧತಿ. "ತಪ್ಪೇನಿಲ್ಲ ಸಾರ್" ಎಂದು ನಾನು ಹೇಳುವವರೆಗೂ ಸಹಿ ಹಾಕುತ್ತಿರಲಿಲ್ಲ.

ಆ ಪಾರ್ಸಲಿನಲ್ಲಿ ನೀಲಿ ರಟ್ಟಿನ ಒಂದು ದಪ್ಪ ಪುಸ್ತಕವಿತ್ತು. ಮಾರ್ಮನ್ ಅನ್ನುವ ಪಂಥದವರ ಧರ್ಮಗ್ರಂಥ. ಕ್ರಿಸ್ತ ಹುಟ್ಟುವುದಕ್ಕೂ ಮುಂಚೆ ಜೆರುಸಲೇಮಿನ ಕಡೆಯ ಕೆಲವರು ಹಡಗು ಕಟ್ಟಿಕೊಂಡು ಅಮೆರಿಕಕ್ಕೆ ಹೋಗಿ ನೆಲೆಸಿದರು, ಅವರ ಚರಿತ್ರೆಯನ್ನು ಚಿನ್ನದ ತಗಡುಗಳಲ್ಲಿ ಬರೆದಿಟ್ಟಿದ್ದರು ಅಂತ ಅವರ ನಂಬಿಕೆಯಂತೆ. ವಿದ್ವಾಂಸರು ಇದಕ್ಕೆ ಪುರಾವೆ ಎಲ್ಲಿದೆ ಅನ್ನುತ್ತಾರೆ. ಈ ಅಮೆರಿಕದವನು ಆ ಪಂಥದವನು. ಹಳೆಯ ಕಾಲದಲ್ಲಿ ಜನ ಸಮುದ್ರ ದಾಟುತ್ತಿದ್ದರು ಅನ್ನುವುದಕ್ಕೆ ಎಲ್ಲಾದರೂ ಒಂದು ಗುರುತು ಸಿಕ್ಕೀತೇ ಎಂದು ಊರೂರು ಅಲೆಯುತ್ತಿದ್ದ.

ಮೇಷ್ಟ್ರು ಆ ಪುಸ್ತಕಕ್ಕೆ ಪಾಠಪುಸ್ತಕದ ಹಾಗೆ ಬೈಂಡು ಹಾಕಿ ಎರಡು ಸಲ ಓದಿದರು. ಜೊತೆಗೆ ಮಾಯಾ, ಇಂಕಾ ಜನರ ಮೇಲಿನ ಪುಸ್ತಕಗಳನ್ನು ಮೈಸೂರಿನಿಂದ ಹೊತ್ತು ತಂದರು. ಟೀ ಅಂಗಡಿಯವರು ಬಿಡುತ್ತಾರೆಯೇ? "ಏನ್ ಮೇಷ್ಟ್ರೇ, ಎಸ್ರು ಏನಂತ ಮಡಿಕಂಡ್ರಿ, ಡೇವಿಡ್ಡೋ ಜೋಸೆಫ್ಫೋ?" ಅನ್ನುವರು. ಮೇಷ್ಟ್ರು ನಗುತ್ತಿದ್ದರು. ಆದರೆ ಒಂದು ದಿನ ನನ್ನ ಹತ್ತಿರ ಹೇಳಿದರು, "ಅವನ ನಂಬಿಕೆ ಅವನದು. ನನಗೆ ಬೇಕಾಗಿರೋದು ಬೇರೆ. ಮೂವತ್ತು ವರ್ಷ ಬೇರೆಯವರು ಬರೆದಿದ್ದನ್ನೇ ಓದಿ ಹೇಳ್ದೆ ಅಮ್ಮಣ್ಣಿ. ಇದು ನಾನು ಕಂಡಿದ್ದು ಅನ್ನೋದು ಒಂದಾದ್ರೂ ಬೇಕು."

ಮಳೆಗಾಲ ಮುಗಿದಿತ್ತು ಅಂತ ಕಾಣುತ್ತದೆ... ಅವತ್ತು ಮೇಷ್ಟ್ರು ಸ್ಟೂಲಿನ ಮೇಲೆ ಕೂರಲೇ ಇಲ್ಲ. ನಿಂತುಕೊಂಡೇ ಜೇಬಿನಿಂದ ಒಂದು ಫೋಟೋ ತೆಗೆದು ನನ್ನ ಮಿಷನ್ನಿನ ಮೇಲಿಟ್ಟರು. "ಸಿಕ್ತು" ಅಂದರು. ಬೂಕನಕೆರೆಯ ಆಚೆ ಒಂದು ಹಳ್ಳಿಯಲ್ಲಿ ಹೊಯ್ಸಳರ ಕಾಲದ ಪಾಳುಗುಡಿ. ಅದರ ಹೊರಗೋಡೆಯಲ್ಲಿ ಒಂದು ಹೆಣ್ಣಿನ ವಿಗ್ರಹ. ಅವಳ ಕೈಯಲ್ಲಿ, ಯಾರು ನೋಡಿದರೂ ಗುರುತು ಹಿಡಿಯುವ ಹಾಗೆ, ಮುಸುಕಿನ ಜೋಳದ ತೆನೆ! ಮುಸುಕಿನ ಜೋಳ ಅಮೆರಿಕದ ಬೆಳೆ. ಕೊಲಂಬಸ್ ಅಲ್ಲಿಗೆ ಹೋಗಿ ಬಂದ ಮೇಲೆ ಈ ಕಡೆಗೆ ಬಂದದ್ದು. ಅದಕ್ಕೂ ಮುಂಚೆ ನಮ್ಮ ಕಲ್ಲುಕುಟಿಗ ಅದನ್ನು ಕೆತ್ತಿದ್ದಾನೆ ಅಂದರೆ ಯಾರೋ ಸಮುದ್ರ ದಾಟಿದ್ದಾರೆ ಅಂತಲೇ ಅರ್ಥ.

ಆ ಹಳ್ಳಿ ನನ್ನ ಹುಟ್ಟೂರು, ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ. ಆ ವಿಗ್ರಹ ನಮ್ಮ ಎಣ್ಣೆಮ್ಮ. ಎದೆಹಾಲು ಕಮ್ಮಿಯಾದ ಬಾಣಂತಿಯರ ಮನೆಯವರು ಅವಳಿಗೆ ಹರಳೆಣ್ಣೆ ಹಚ್ಚುತ್ತಾರೆ. ನನಗೆ ಎಂಟು ವರ್ಷವಿದ್ದಾಗ, ಗುಡಿಯ ಪಕ್ಕ ಗೊಬ್ಬರ ಇಳಿಸುತ್ತಿದ್ದ ಟ್ರಾಕ್ಟರು ತಗುಲಿ ಎಣ್ಣೆಮ್ಮನ ಕೈ ಪುಡಿಯಾಗಿತ್ತು. ಭಿನ್ನವಾದ ದೇವರಿಗೆ ಎಣ್ಣೆ ಹಚ್ಚುವ ಹಾಗಿಲ್ಲ. ಊರಿನವರು ಗಾರೆ ಕೆಲಸದ ನಮ್ಮಪ್ಪನನ್ನು ಕರೆದು ಗುಟ್ಟಾಗಿ ಸರಿಮಾಡು ಅಂದರು. ಕೈಯಲ್ಲಿ ಮೊದಲು ಏನಿತ್ತು ಅಂತ ಯಾರಿಗೂ ನೆನಪಿಲ್ಲ. ಉದ್ದನೆಯ ಎಂಥದೋ ಹಣ್ಣು ಅಂದರು. ನಾಲೆ ನೀರಿನಲ್ಲಿ ಊರು ಹೊಸದಾಗಿ ಮುಸುಕಿನ ಜೋಳ ಬೆಳೆದ ವರ್ಷ ಅದು. ಅಪ್ಪ ಒಂದು ತೆನೆಯನ್ನು ಜೇಡಿಮಣ್ಣಿಗೆ ಒತ್ತಿ ಅಚ್ಚು ತೆಗೆದು, ಸಿಮೆಂಟಿಗೆ ಮಸಿ ಕಲಸಿ ತುಂಬಿ ಕೂರಿಸಿಬಿಟ್ಟ. ತೆನೆ ಕಿತ್ತು ತಂದುಕೊಟ್ಟವಳು ನಾನೇ. ಕೊಡುವ ಮೊದಲು ಆಸೆ ತಡೆಯದೆ ಮೂರು ಕಾಳು ಕಡಿದು ತಿಂದಿದ್ದೆ. ಫೋಟೋದಲ್ಲಿ ಆ ಮೂರು ಕಾಳಿನ ಜಾಗ ಖಾಲಿ ಕಾಣುತ್ತಿತ್ತು.

ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಆ ವಾರವೇ ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪನ ಮುಖ ಬಿಳುಪೇರಿತು. ಗುಡಿಯ ಮುಂದೆ ಈಗ ಸರ್ಕಾರದ ನೀಲಿ ಬೋರ್ಡು ನಿಂತಿತ್ತು, ಕಲ್ಲು ಮುಟ್ಟಿದವರಿಗೆ ಜೈಲು ಅಂತ ಬರೆದಿತ್ತು. "ಸುಮ್ಕಿರವ್ವ. ಏಳ್ಗೀಳ್ಬುಟ್ಟೀಯ. ಪೊಲೀಸ್ನೋರು ಬಂದು ಎಳ್ಕಂಡೋದ್ರೆ ಈ ವಯ್ಸಲ್ಲಿ ಏನ್ ಮಾಡ್ಲಿ ನಾನು?" ಅಂದ. ನಾನು ಸುಮ್ಮನಾದೆ. ಸುಮ್ಮನಿದ್ದುಕೊಂಡೇ ಅಮೆರಿಕಕ್ಕೆ ಹನ್ನೊಂದು ಪುಟದ ಲೇಖನ ಹೊಡೆದುಕೊಟ್ಟೆ. "ತಪ್ಪೇನಾದರೂ ಇದೆಯಾ?" "ತಪ್ಪೇನಿಲ್ಲ ಸಾರ್." ಕಲ್ಲನ್ನು ಒಂದು ಸಲ ಕೆರೆದು ನೋಡಿದ್ದರೆ ಮೇಷ್ಟ್ರಿಗೇ ಗೊತ್ತಾಗುತ್ತಿತ್ತು. ಆದರೆ ಹೆಂಗಸರು ಹಚ್ಚಿದ ಎಣ್ಣೆಯ ಮೇಲೆ ಉಗುರಿಡುವುದು ಅವರಿಂದಾಗಲಿಲ್ಲ. ಅಷ್ಟು ಮರ್ಯಾದಸ್ಥರು.

ಅಮೆರಿಕದವನು ಬಂದೇಬಿಟ್ಟ. ಜೊತೆಗೆ ಬೀಜ, ಬೆಳೆಗಳನ್ನು ಓದಿಕೊಂಡ ಒಬ್ಬ ಹೆಂಗಸನ್ನೂ ಕರೆತಂದಿದ್ದ. ಬರೆದುಕೊಳ್ಳಲು ಬೇಕು ಅಂತ ಮೇಷ್ಟ್ರು ನನ್ನನ್ನೂ ಕಾರಿಗೆ ಹತ್ತಿಸಿಕೊಂಡರು. ಗುಡಿಯ ಹತ್ತಿರ ಅರ್ಧ ಊರೇ ಸೇರಿತ್ತು. "ಗಾರೆಯವ್ನ ಮಗ್ಳು ಬಂದವ್ಳೆ" ಅಂತ ಯಾರೋ ಅಂದದ್ದು ಮೇಷ್ಟ್ರಿಗೂ ಕೇಳಿಸಿತು. ಹಿಂದುಗಡೆ ಅಪ್ಪ ಟವೆಲು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದ, ನನ್ನ ಕಡೆ ನೋಡಲೇ ಇಲ್ಲ.

ಆ ಹೆಂಗಸು ಭೂತಗನ್ನಡಿ ಹಿಡಿದು ಸಾಲು ಸಾಲಾಗಿ ಕಾಳು ಎಣಿಸಿದಳು. ಖಾಲಿ ಜಾಗ ತೋರಿಸಿ, ಹಕ್ಕಿ ಕುಕ್ಕಿದ ಕಾಳನ್ನೂ ಬಿಡದೆ ಕೆತ್ತಿದ್ದಾನೆ ನೋಡಿ, ಎಂಥ ಶಿಲ್ಪಿ ಅಂದಳು. ಅಮೆರಿಕದವನು ಹ್ಯಾಟು ತೆಗೆದು ಮಂಡಿಯೂರಿ ಕೂತ. ಅವನ ಕಣ್ಣಲ್ಲಿ ನೀರು. ಆಮೇಲೆ ಒಂದು ಹಾಳೆ ತೆಗೆದ. ಇದು ಹಳೆಯ ಶಿಲ್ಪ, ಈಚೆಗೆ ಯಾರೂ ಕೈ ಹಾಕಿಲ್ಲ ಎಂದು ಈ ಸೀಮೆ ಬಲ್ಲ ವಿದ್ವಾಂಸರೊಬ್ಬರ ಸಹಿ ಬೇಕು ಅಂದ. ಮೇಷ್ಟ್ರು ಪೆನ್ನಿನ ಕ್ಯಾಪು ತೆಗೆದರು. ಅಭ್ಯಾಸಬಲ ನೋಡಿ, ಹಾಳೆಯನ್ನು ನನಗೆ ಕೊಟ್ಟರು.

"ಓದು ಅಮ್ಮಣ್ಣಿ. ತಪ್ಪೇನಾದರೂ ಇದೆಯಾ?"

ಅಕ್ಷರಗಳು ಕಣ್ಣ ಮುಂದೆ ಕುಣಿದವು. ಹಾಳೆ ನನ್ನ ಕೈಯಲ್ಲಿ ಪಟಪಟ ಅದುರುತ್ತಿತ್ತು. "ತಪ್ಪೇನಿಲ್ಲ ಸಾರ್" ಅಂದೆ.

ನನ್ನ ಕೈ ಅದುರುವುದನ್ನು ಅಪ್ಪ ನೋಡಿರಬೇಕು. ಜನರನ್ನು ಸರಿಸಿಕೊಂಡು ಮುಂದೆ ಬಂದ. "ಅದು ಕಲ್ಲಲ್ಲ ಸಾಮಿ. ಸಿಮೆಂಟು. ಕೈ ಮುರ್ದೋಗಿತ್ತು, ನಾನೇ ಮಾಡ್ಬುಟ್ಟೆ" ಅಂದ. ಅಮೆರಿಕದವನು ಒಮ್ಮೆ ಅಪ್ಪನನ್ನೂ ಒಮ್ಮೆ ಮೇಷ್ಟ್ರನ್ನೂ ನೋಡಿ, ಇವರು ಏನು ಹೇಳುತ್ತಿದ್ದಾರೆ ಎಂದು ಕೇಳಿದ.

ಅಲ್ಲಿ ಇಂಗ್ಲಿಷ್ ಬರುತ್ತಿದ್ದುದು ಮೇಷ್ಟ್ರಿಗೆ, ಅಲ್ಪಸ್ವಲ್ಪ ನನಗೆ. ಮೇಷ್ಟ್ರು ಇವನಿಗೆ ತಲೆ ಕೆಟ್ಟಿದೆ ಅಂದಿದ್ದರೂ ಸಾಕಿತ್ತು. ದೇವರನ್ನು ಮುಟ್ಟಬೇಡಿ ಅನ್ನುತ್ತಿದ್ದಾನೆ ಅಂದಿದ್ದರೂ ನಡೆಯುತ್ತಿತ್ತು. ಅವರು ಮೂವತ್ತು ವರ್ಷ ಕಾದ ಒಂದೇ ಒಂದು ಮಾತು ಆ ಹಾಳೆಯ ಮೇಲಿತ್ತು. ಮೇಷ್ಟ್ರು ಅಪ್ಪನ ಕೈಗಳನ್ನು ನೋಡಿದರು, ಸುಣ್ಣ ಸಿಮೆಂಟು ತಿಂದು ಬಿರುಕು ಬಿಟ್ಟ ಕೈಗಳು. ಆಮೇಲೆ ನನ್ನ ಮುಖ ನೋಡಿದರು.

ಪೆನ್ನಿಗೆ ಕ್ಯಾಪು ಹಾಕಿ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: ಈ ಕೈ ಸಿಮೆಂಟಿನದಂತೆ, ಹಿಂದೆ ಯಾವಾಗಲೋ ಯಾರೋ ರಿಪೇರಿ ಮಾಡಿದ್ದಾರೆ, ಯಾರು ಅಂತ ಊರಿನವರಿಗೆ ಗೊತ್ತಿಲ್ಲ. ನಾನು ಸರಿಯಾಗಿ ನೋಡದೆ ನಿಮ್ಮನ್ನು ಇಷ್ಟು ದೂರ ಕರೆಸಿದೆ, ತಪ್ಪು ನನ್ನದು. ಅಪ್ಪನ ಹೆಸರು ಅವರ ಬಾಯಿಂದ ಬರಲಿಲ್ಲ. ಅಮೆರಿಕದವನು ಎದ್ದು ಹ್ಯಾಟು ತಲೆಗಿಟ್ಟುಕೊಂಡ. ಆಮೇಲೆ ಮೇಷ್ಟ್ರ ಕೈ ಹಿಡಿದುಕೊಂಡು, ತನ್ನ ನಂಬಿಕೆ ಕಲ್ಲಿನ ಮೇಲೆ ನಿಂತದ್ದಲ್ಲ, ಆದರೂ ಆಸೆಪಟ್ಟಿದ್ದೆ ಅಂದ.

ಮೇಷ್ಟ್ರು ಇನ್‌ಸ್ಟಿಟ್ಯೂಟಿಗೆ ಆಮೇಲೆ ಬಂದದ್ದು ಒಂದೇ ಸಲ. ಲೇಖನವನ್ನು ವಾಪಸು ಪಡೆಯುತ್ತೇನೆ ಎಂದು ಅಮೆರಿಕಕ್ಕೆ ಬರೆಸಿದರು. ಎಲ್ಲಾ ಮುಗಿಯಿತು ಅಂದುಕೊಂಡು ಹಾಳೆ ಎಳೆಯಲು ಹೋದೆ. "ತಾಳು, ಇನ್ನೊಂದು ಸಾಲಿದೆ" ಅಂದರು. ಆ ಸಾಲು ಹೀಗಿತ್ತು: ನನ್ನ ಟೈಪಿಸ್ಟ್ ಹುಡುಗಿ ಅದೇ ಊರಿನವಳು, ಆದರೆ ಈ ವಿಷಯ ಅವಳಿಗೆ ಏನೂ ಗೊತ್ತಿರಲಿಲ್ಲ.

ಹೊಡೆದೆ. ಎರಡು ಕಾರ್ಬನ್ ಇಟ್ಟು, ಒಂದಕ್ಷರವೂ ತಪ್ಪದೆ ಹೊಡೆದೆ. ಅವರು ಹಾಳೆಯನ್ನು ನನ್ನ ಕಡೆಗೆ ತಳ್ಳಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಅವರಿಗೆ ಎಲ್ಲಾ ಗೊತ್ತಾಗಿತ್ತು, ಇವತ್ತಿಗೂ ನನಗೆ ಅದರಲ್ಲಿ ಅನುಮಾನವಿಲ್ಲ. ನನ್ನ ಬಾಯಿಂದ ಬರಲಿ ಅಂತ ಕಾಯುತ್ತಿದ್ದರೋ, ನನ್ನನ್ನು ಪಾರುಮಾಡುತ್ತಿದ್ದರೋ...

"ತಪ್ಪೇನಾದರೂ ಇದೆಯಾ ಅಮ್ಮಣ್ಣಿ?"

"ತಪ್ಪೇನಿಲ್ಲ ಸಾರ್."

ಸಹಿ ಹಾಕಿ, ಕೊಡೆ ತೆಗೆದುಕೊಂಡು ಹೋದರು. ಎರಡು ವರ್ಷದ ಮೇಲೆ ತೀರಿಕೊಂಡ ಸುದ್ದಿ ಬಂತು. ನಾನಾಗ ಮದುವೆಯಾಗಿ ನಾಗಮಂಗಲದಲ್ಲಿದ್ದೆ, ಮಣ್ಣಿಗೂ ಹೋಗಲಿಲ್ಲ. ಮುಖ ತೋರಿಸುವ ಧೈರ್ಯವಿರಲಿಲ್ಲ. ಅಪ್ಪನೂ ಈಗಿಲ್ಲ, ಅವನನ್ನು ಹುಡುಕಿಕೊಂಡು ಯಾವ ಪೊಲೀಸೂ ಬರಲಿಲ್ಲ.

ಬೆಳ್ಳೂರು ಕ್ರಾಸಿನಲ್ಲಿ ಅವತ್ತು, ಡ್ರೈವರು ಹಾರ್ನು ಹೊಡೆಯುವಷ್ಟರಲ್ಲಿ, ಕಿಟಕಿಯಿಂದ ಕೈ ಚಾಚಿ ಒಂದು ತೆನೆ ತೆಗೆದುಕೊಂಡೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ. ಮೂರು ಕಾಳು ತಿಂದೆ, ಉಳಿದದ್ದನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬಸ್ಸು ಹೊರಟ ಮೇಲೆ, ಯಾರಿಗೂ ಕೇಳಿಸದ ಹಾಗೆ ಹೇಳಿದೆ: ಒಂದು ತಪ್ಪಿದೆ ಸಾರ್, ಕೊನೇ ಸಾಲಿನಲ್ಲಿ.