ಸೂಸನ್ ಮನೆಯ ಟೆಲಿವಿಷನ್

ಅರವತ್ತರ ದಶಕದ ಕೊನೆ. ವಿದ್ಯುತ್ ಯೋಜನೆಯವರಿಗೆಂದು ಕಟ್ಟಿದ ಕಾರ್ಗಲ್ ಕಾಲೋನಿಯ ನಮ್ಮ ಮನೆಯ ಜಗಲಿಯಲ್ಲಿ ಆ ಬೆಳಿಗ್ಗೆಯೂ ನಾನು ಅಕ್ಕಿ ಆರಿಸುತ್ತಿದ್ದೆ, ಮಾವ ಪೇಪರ್ ಓದುತ್ತಿದ್ದರು. ಇಂಗ್ಲೆಂಡಿನಿಂದ ಬಂದಿದ್ದ ಇಂಜಿನಿಯರರ ಹೆಂಡತಿ ಸೂಸನ್ ಬಂದು ಪಕ್ಕದಲ್ಲಿ ಕುಳಿತಳು. ಅಮ್ಮನ ಕಾಗದ ಬಂದಿತ್ತಂತೆ. ಕಣ್ಣು ಕೆಂಪಾಗಿತ್ತು. ನನ್ನ ಕಾನ್ವೆಂಟ್ ಇಂಗ್ಲಿಷೇ ಅವಳಿಗೆ ಆಸರೆ.

ಅವಳು ಚಿಕ್ಕವಳಿದ್ದಾಗ ರಾಣಿಯ ಪಟ್ಟಾಭಿಷೇಕವನ್ನು ಇಡೀ ಬೀದಿಯವರು ಅವಳ ಮನೆಯ ಟೆಲಿವಿಷನ್‌ನಲ್ಲಿ ನೋಡಿದ್ದರಂತೆ. ನಾನು ಟೆಲಿವಿಷನ್ ಕಂಡವಳಲ್ಲ. ಅದು ಇಷ್ಟೇ ಚಿಕ್ಕದು ಎಂದು ಮೊರದ ಅಕ್ಕಿಯಲ್ಲಿ ಬೆರಳಿನಿಂದ ಚೌಕ ಬರೆದು ತೋರಿಸಿದಳು. ಅವರ ದೇಶದ ರಾಷ್ಟ್ರಗೀತೆ ಬಂದಾಗ ಕಾಲುನೋವಿನ ಅಜ್ಜಿಯೂ ಎದ್ದು ನಿಂತಿದ್ದರಂತೆ. ಹೇಳುತ್ತಲೇ ತಾನೂ ಎದ್ದು ನಿಂತು, ಮೆಲ್ಲಗೆ ಅದನ್ನೇ ಹಾಡತೊಡಗಿದಳು.

ಮಾವ ಬ್ರಿಟಿಷರ ಕಾಲದಲ್ಲಿ ಚಳವಳಿಗೆ ಸೇರಿ ಜೈಲು ಕಂಡವರು. ಅವರು ಪೇಪರಿನಿಂದ ತಲೆಯೆತ್ತಿದ್ದು ಕಂಡು ಸೂಸನ್ ಕೈ ಹಿಡಿದೆ. ಹಾಡು ನಿಂತಿತು.

“ತಡೀಬೇಡ ಕೂಸೆ. ಅವಳಿಗೆ ತವರು ನೆನಪಾಗಿದೆ, ಪೂರ್ತಿ ಹಾಡ್ಲಿ” ಎಂದ ಮಾವ, ಗೋಡೆ ಹಿಡಿದು ಎದ್ದು, ಹಾಡು ಮುಗಿಯುವವರೆಗೂ ನಿಂತೇ ಇದ್ದರು.

ಸಂಜೆ ಎದುರುಮನೆಯ ಸಾವಿತ್ರಕ್ಕ ನಲ್ಲಿಯ ಬಳಿ ಕೊಡ ತೊಳೆಯುತ್ತ ಕೇಳಿದರು: “ಬೆಳಿಗ್ಗೆ ನಿಮ್ಮ ಮಾವ ಜಗಲೀಲಿ ಎದ್ದು ನಿಂತಿದ್ರಲ್ಲ, ಯಾರಾದ್ರೂ ದೊಡ್ಡೋರು ಬಂದಿದ್ರಾ?”