ಫುಟ್‌ಪಾತಿನ ಮೇಲಿನ ನನ್ನ ಸ್ಕೂಟರು

ಫುಟ್‌ಪಾತ್ ಸರಕಾರದ್ದು, ಆದರೆ ನಮ್ಮ ಮನೆಯ ಮುಂದಿನ ತುಂಡು ಮಾತ್ರ ನಮ್ಮದು. ಗಂಗಾವತಿಯ ನಮ್ಮ ಓಣಿಯಲ್ಲಿ ಇದು ಎಲ್ಲರ ನಂಬಿಕೆ. ದಿನಾ ನೀರು ಚಿಮುಕಿಸಿ ರಂಗೋಲಿ ಹಾಕುವವರು ನಾವು. ಕೆಟ್ಟುಹೋದ ಸ್ಕೂಟರನ್ನು ಅಲ್ಲಿ ನಿಲ್ಲಿಸಿದರೆ ತಪ್ಪೇನು? ಮಕ್ಕಳಿಗೆ ಪೌರನೀತಿ ಪಾಠ ಮಾಡಿ ನಿವೃತ್ತನಾದವನು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ!

ಮೊನ್ನೆ ನಗರಸಭೆಯ ಗಾಡಿ ಮೈಕಿನಲ್ಲಿ ಸಾರುತ್ತ ಬಂತು: ನಡೆಯುವವರ ಜಾಗ ಬಿಟ್ಟುಕೊಡಿ, ಇಲ್ಲವೇ ಸಾಮಾನು ಹೊತ್ತೊಯ್ಯುತ್ತೇವೆ. ಪಕ್ಕದ ಶಾಂತಮ್ಮ ತುಳಸಿ ನೆಟ್ಟ ಎಣ್ಣೆ ಡಬ್ಬಿಯನ್ನು ಒಳಗಿಟ್ಟಳು. ನಾನು ಗೊಣಗುತ್ತ ಸ್ಕೂಟರನ್ನು ಅಂಗಳಕ್ಕೆ ಎಳೆದೆ.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ಖಾಲಿ ಜಾಗ ನೋಡಿ ಮರುಗುತ್ತಿದ್ದಾಗ ಖಾಸಿಂ ಸಾಬರು ಬಂದರು. ಹಿಂದೆ ಟೇಲರ್ ಆಗಿದ್ದವರು, ಈಗ ಕಣ್ಣು ಕಾಣುವುದಿಲ್ಲ. ನಮ್ಮ ಮನೆಯ ಮಗ್ಗುಲ ಸಂದಿಯಲ್ಲಿರುವ ಚಹದಂಗಡಿಗೆ ದಿನಾ ಕೋಲೂರಿಕೊಂಡು ಒಬ್ಬರೇ ಬರುವುದು ಅವರ ಹೆಮ್ಮೆ. ಒಮ್ಮೆ ದಾರಿ ತಪ್ಪಿದರೂ ಈ ಒಂಟಿ ಓಡಾಟ ಬಂದ್ ಎಂದು ಮಗ ಷರತ್ತು ಹಾಕಿದ್ದ. ಅಂಥವರು ಅಂದು ಸಂದಿಯನ್ನು ದಾಟಿ ಸರಸರ ಮುಂದೆ ಹೋಗಿಬಿಟ್ಟರು! ನಾನು ಹಿಂದೆ ಓಡಿದೆ.

"ಸಾಬ್ರ, ಚಾದಂಗಡಿ ಹಿಂದ ಉಳೀತ್ರಿ!"

"ಹೌದೇನ್ರಿ ಮಾಸ್ತರ? ನಿಮ್ಮ ಸ್ಕೂಟರ್ ಎಲ್ಲಿ ಹೋತ್ರಿ? ಅದು ಮೊಣಕಾಲಿಗಿ ಬಡೀತಂದ್ರ ಬಲಕ್ಕ ಹೊಳ್ಳೂದು. ಇವತ್ತ ಬಡೀಲೇ ಇಲ್ಲ, ನಡದೇ ನಡದೆ."

"ದಿನಾ ಬಡೀತಿತ್ತೇನ್ರಿ?"

"ಬಡೀತಿತ್ತಲ್ರಿ. ಮಾಸ್ತರ ಮನಿ ಬಂತು ಅಂತ ತಿಳೀತಿತ್ತು."

ನನಗೆ ನಾಚಿಕೆಯಾಯಿತು. ದಿನಾ ಎದುರು ಸಿಗುತ್ತಿದ್ದರೂ ಅವರು ಒಂದು ಸಲವೂ ದೂರಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ, ಸ್ಕೂಟರನ್ನು ಮತ್ತೆ ಅಲ್ಲೇ ನಿಲ್ಲಿಸಲೇ ಎಂದು ಕೇಳಿದೆ. ದಡ್ಡತನಕ್ಕೂ ಒಂದು ಮಿತಿ ಬೇಕು.

"ಬ್ಯಾಡ್ರಿ ಮಾರಾಯ್ರ! ಎಷ್ಟ ವರ್ಷ ಆಗಿತ್ತು, ಹಿಂಗ ಕೈ ಬೀಸ್ಕೊಂತ ನಡದು! ಭಾಳ ಛಲೋ ಆತು. ದಾರಿ ತಪ್ಪಿದ್ದ ಮಾತ್ರ ನಮ್ಮ ಮಗಗ ಹೇಳಬ್ಯಾಡ್ರಿ."

ಇಬ್ಬರೂ ನಗುತ್ತ ಹಿಂದಿರುಗಿದೆವು. ಚಹ ನಾನೇ ಕುಡಿಸಿದೆ.

ಈಗ ದಿನಾ ಬೆಳಿಗ್ಗೆ ಆ ಹೊತ್ತಿಗೆ ಬಾಗಿಲಲ್ಲಿ ಕೂತು, ಕೋಲಿನ ಸದ್ದು ಕೇಳಿದೊಡನೆ "ಸಲಾಂ ಸಾಬ್ರ!" ಎಂದು ಕೂಗುತ್ತೇನೆ. ನನಗೆ ನೆಗಡಿಯಾಗಿ ಗಂಟಲು ಕಟ್ಟಿದ ದಿನ ಶಾಂತಮ್ಮ ಕೂಗುತ್ತಾಳೆ. ಸಾಬರು ಕೈಯೆತ್ತಿ, "ಮಾಸ್ತರ ಮನಿ ಬಂತು" ಎಂದು ಬಲಕ್ಕೆ ಹೊರಳುತ್ತಾರೆ. ನನ್ನ ಮನೆಯ ಗುರುತು ಹಿಡಿಯಲು ಅವರ ಮೊಣಕಾಲು ಈಗ ನೋಯಬೇಕಿಲ್ಲ.