ಸೋಮವಾರದ ಮೊಟ್ಟೆ

ಹುತ್ರಿದುರ್ಗದಲ್ಲಿ ಗೆಳತಿ ಸವಿತಾಳ ಮನೆ. ಆಸ್ಟ್ರಿಯಾದಲ್ಲಿ ತಿಂದು ಕಲಿತ ಕೈಸರ್‌ಶ್ಮಾರನ್ ಎಂಬ ಸಿಹಿ ದೋಸೆ ಮಾಡಿಕೊಡುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೆ. ಕುಣಿಗಲ್‌ನಲ್ಲಿ ಬಸ್ಸಿಳಿದಾಗಲೇ ಮೊಟ್ಟೆ ಕೊಂಡಿದ್ದೆ. ಮೈದಾ, ಹಾಲು, ಸಕ್ಕರೆ ಕಲಸಿದ್ದಕ್ಕೆ ನೊರೆ ಬರುವಂತೆ ಕಡೆದ ಮೊಟ್ಟೆ ಸುರಿದು, ದೋಸೆ ಕಾವಲಿಗೆ ಕೈ ಹಾಕಿದೆ. ಅಡುಗೆಮನೆ ಬಾಗಿಲಲ್ಲಿ ಅವಳ ಅತ್ತೆ ನಿಂತಿದ್ದರು.

"ಇವತ್ತು ಸೋಮವಾರ ಕಣವ್ವ. ಒಳಗೆ ಮೊಟ್ಟೆ ತರಂಗಿಲ್ಲ."

ಸವಿತಾ ನಾಲಿಗೆ ಕಚ್ಚಿಕೊಂಡಳು. ನಾನು ಬಂದ ಸಡಗರದಲ್ಲಿ ಅವಳಿಗೆ ವಾರವೇ ಮರೆತಿತ್ತು. ನಾನು ಬಟ್ಟಲು ಹಿಡಿದು ನಿಂತೆ.

"ಸುಮ್ನೆ ನಿಂತ್ಕಂಡ್ರೆ ಹಿಟ್ಟು ಹಾಳಾಗ್ತದೆ. ವಾರ ಮಾಡೋದು ನಾನೊಬ್ಳೇ, ನೀವು ತಿನ್ನಿ. ಹಿತ್ಲಲ್ಲಿ ಒಲೆ ಐತೆ, ಕೋಳಿ ಬೇಯ್ಸೋ ಬಾಣ್ಲೇನೂ ಅಲ್ಲೇ ಐತೆ, ಹೋಗು."

ಬಟ್ಟಲಿನೊಂದಿಗೆ ಹೊರಟೆ. ಹಿತ್ತಿಲಲ್ಲಿ ದೋಸೆ ದಪ್ಪಗೆ ಉಬ್ಬಿ ಕೆಂಪಾಯಿತು. ಎರಡು ಚಮಚ ಹಿಡಿದು ಅದನ್ನು ಚೂರುಚೂರು ಮಾಡಿ, ಬೆಣ್ಣೆ ಸಕ್ಕರೆಯಲ್ಲಿ ಹೊರಳಿಸಿದೆ.

ಹಿತ್ತಿಲ ಜಗಲಿಯಿಂದಲೇ ನೋಡುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ಅಷ್ಟು ಚೆಂದ ಬೆಂದಿತ್ತು, ಯಾಕವ್ವ ಕಿತ್ತಾಕ್ದೆ?"

"ಇದನ್ನ ಮಾಡೋದೇ ಹಿಂಗೆ ಅಮ್ಮ."

ಅವರು ಘಮ ಬಂದತ್ತ ಮೂಗು ಅರಳಿಸಿದರು.

"ನಂಗೂ ಒಂಚೂರು ಅಲ್ಲೇ ಮುಚ್ಚಿಡು. ನಾಳೆ ಮಂಗಳವಾರ."